ತೋಟದ ಕೆರೆಯ ಏರಿಯೂ ಅಣೆಕಟ್ಟೇ? ಕಾಯ್ದೆ ಬಿಟ್ಟ ಜಾಗ, ಮಳೆ ಬಿಡದ ಲೆಕ್ಕ

ಮಳೆಗಾಲ ಶುರುವಾಯಿತೆಂದರೆ ಕೇರಳದ ಟಿವಿಗಳಲ್ಲಿ ಅಣೆಕಟ್ಟುಗಳದ್ದೇ ಸುದ್ದಿ. ಇಡುಕ್ಕಿಯಲ್ಲಿ ನೀರಿನ ಮಟ್ಟ ಎಷ್ಟು, ಮುಲ್ಲಪೆರಿಯಾರ್ 142 ಅಡಿ ಮುಟ್ಟಿತಾ, ಯಾವುದಕ್ಕೆ ನೀಲಿ ಅಲರ್ಟ್, ಯಾವುದಕ್ಕೆ ಕೆಂಪು. ಕಾಸರಗೋಡಿನವರು ಇದನ್ನು ದೂರದೂರಿನ ಸುದ್ದಿಯ ಹಾಗೆ ನೋಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಜಲಾಶಯವೇ ಇಲ್ಲ ಅಲ್ವಾ? ಆದರೆ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಾಗಿನಿಂದ ಗೊಂದಲವೊಂದು ಉಳಿದೇ ಇದೆ. ಅಡಿಕೆ ತೋಟಕ್ಕೆ ನೀರು ಬೇಕೆಂದು ಗುಡ್ಡೆಯ ಬದಿಯಲ್ಲಿ ಏರಿ ಹಾಕಿಸಿ ಕೆರೆ ಮಾಡಿಕೊಂಡವರೂ 'ಅಣೆಕಟ್ಟಿನ ಮಾಲೀಕರು' ಆಗುತ್ತಾರಾ? ಅದಕ್ಕೆ ಅನುಮತಿ ಬೇಕಾ? ಕೆಳಗಿನ ಮನೆಯವರಿಗೆ ಹೆದರಿಕೆಯಾದರೆ ಯಾರಿಗೆ ಹೇಳಬೇಕು?

ನಮ್ಮ ತೋಟದ ಕೆರೆಗಳು ಆ ಕಾಯ್ದೆಯೊಳಗೆ ಬರುವುದಿಲ್ಲ. ಹಾಗಂತ ಅವುಗಳಿಂದ ಅಪಾಯವೇ ಇಲ್ಲ ಎಂದುಕೊಂಡರೆ ಕೆಟ್ಟೆವು.

ಕಾಯ್ದೆ ಅಳೆಯುವುದು ಎತ್ತರ

2021ರ ಡಿಸೆಂಬರ್ 30ರಂದು ಜಾರಿಗೆ ಬಂದ ಈ ಕಾಯ್ದೆ ದೇಶದ ಎಲ್ಲ ಕಟ್ಟೆಗಳ ಬೆನ್ನು ಹತ್ತುವುದಿಲ್ಲ. ತಳಪಾಯದ ಅತಿ ತಗ್ಗಿನ ಜಾಗದಿಂದ ಮೇಲ್ತುದಿಯವರೆಗೆ 15 ಮೀಟರ್‌ಗಿಂತ ಎತ್ತರ ಇದ್ದರೆ ಮಾತ್ರ ಅದು ನೇರವಾಗಿ ಲೆಕ್ಕಕ್ಕೆ ಬರುತ್ತದೆ. 10ರಿಂದ 15 ಮೀಟರ್ ಎತ್ತರದ್ದಾದರೆ ಇನ್ನೊಂದು ಷರತ್ತೂ ಕೂಡಿಬರಬೇಕು. ಏರಿಯ ಉದ್ದ ಕನಿಷ್ಠ 500 ಮೀಟರ್ ಇರಬೇಕು, ಅಥವಾ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಅಥವಾ ಸೆಕೆಂಡಿಗೆ 2,000 ಘನ ಮೀಟರ್ ನೆರೆ ಹಾಯಿಸುವಂಥದ್ದಾಗಬೇಕು. ಇಲ್ಲವೇ ತಳಪಾಯವೋ ವಿನ್ಯಾಸವೋ ಮಾಮೂಲಿಗಿಂತ ಬೇರೆಯಾಗಿರಬೇಕು. ಇಂಥ ಅಣೆಕಟ್ಟು ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚಿವೆ. ಅವುಗಳ ಮಾಲೀಕರು, ಸರ್ಕಾರವಾಗಲಿ ಖಾಸಗಿಯವರಾಗಲಿ, ಮಳೆಗಾಲದ ಮೊದಲೂ ಆಮೇಲೂ ತಪಾಸಣೆ ಮಾಡಿಸಬೇಕು, ತುರ್ತು ಯೋಜನೆ ಇಟ್ಟುಕೊಳ್ಳಬೇಕು.

ನಮ್ಮ ಕಡೆ ತೋಟದ ಕೆರೆಯ ಏರಿ ಮೂರು ಮೀಟರ್, ನಾಲ್ಕು ಮೀಟರ್. ಐದಾರು ಇದ್ದರೆ ಅದೇ ದೊಡ್ಡದು. ಅರ್ಧ ಹೆಕ್ಟೇರ್ ಜಾಗದಲ್ಲಿ ಸರಾಸರಿ ಎರಡು ಮೀಟರ್ ನೀರು ನಿಂತರೆ 10 ಸಾವಿರ ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ಆಗುತ್ತದೆ. ಕಾಯ್ದೆಯ ಮಿತಿಯ ನೂರರಲ್ಲಿ ಒಂದು ಪಾಲು. ದಿಲ್ಲಿಯಲ್ಲಿ ಕೂತು ನೋಡಿದರೆ ಇದು ಲೆಕ್ಕಕ್ಕಿಲ್ಲದ ನೀರು. ಆದರೆ ಏರಿ ಒಡೆದು ಇಷ್ಟೂ ನೀರು ಹತ್ತು ನಿಮಿಷದಲ್ಲಿ ಹೋಯಿತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 16 ಸಾವಿರ ಲೀಟರ್‌ಗೂ ಜಾಸ್ತಿ. ಸುಮ್ನೆ ನೀರಾಗಿಯೂ ಬರುವುದಿಲ್ಲ. ಏರಿಯ ಮಣ್ಣು, ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡು, ಬುಡಸಮೇತ ಕಿತ್ತ ಅಡಿಕೆ ಮರ ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಅರ್ಧ ಫರ್ಲಾಂಗು ಕೆಳಗೆ ಮನೆ ಇದ್ದರೆ ಮನೆಯವರಿಗೆ ಎದ್ದು ಓಡಲೂ ಹೊತ್ತು ಸಿಗುವುದಿಲ್ಲ.

ಕಾಯ್ದೆಯ ಲೆಕ್ಕ ಕುಂಟುವುದು ಇಲ್ಲಿಯೇ. ಕಾಡಿನ ನಡುವಿನ 12 ಮೀಟರ್ ಕಟ್ಟೆ ಒಡೆದರೆ ಮರಗಳು ಹೋಗುತ್ತವೆ. ಅಂಗನವಾಡಿಯ ಮೇಲಿನ ನಾಲ್ಕು ಮೀಟರ್ ಏರಿ ಒಡೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿರುವಾಗ ಎತ್ತರ ಒಂದನ್ನೇ ನೋಡಿ ಅಪಾಯ ಅಳೆಯಲಾಗದು.

ಬೇರೆ ಕಾನೂನುಗಳು ಇಲ್ಲವೆಂದಲ್ಲ. ಗದ್ದೆಯಲ್ಲಿ ಏರಿ ಹಾಕಲು ಹೊರಟರೆ ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಪ್ರದೇಶ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಕಣ್ಣೆದುರೇ ಅಪಾಯ ಇದ್ದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಮಧ್ಯೆ ಬರಬಹುದು. ಸಣ್ಣ ನೀರಾವರಿ ಪಂಚಾಯತಿನ ಕೆಲಸಗಳ ಪಟ್ಟಿಯಲ್ಲಿದೆ. ಆದರೆ ಏರಿ ಕಟ್ಟುವ ಹೊತ್ತಿನಲ್ಲೇ ಬಂದು "ಹೆಚ್ಚಾದ ನೀರು ಹೋಗಲು ಕೋಡಿ ಎಷ್ಟಗಲ ಬಿಟ್ಟಿದ್ದೀರಿ?" ಎಂದು ಕೇಳುವುದು ಇವರಲ್ಲಿ ಯಾರ ದಿನನಿತ್ಯದ ಕೆಲಸವೂ ಅಲ್ಲ.

ತೋಡಿದ ಕೆರೆ ಬೇರೆ, ಕಟ್ಟಿದ ಕೆರೆ ಬೇರೆ

ಇದೊಂದು ವ್ಯತ್ಯಾಸ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಸಮತಟ್ಟು ನೆಲದಲ್ಲಿ ಕೆಳಕ್ಕೆ ತೋಡಿದ ಕೆರೆ ಒಡೆಯುವುದಿಲ್ಲ. ಅದರ ನೀರು ನೆಲಮಟ್ಟಕ್ಕಿಂತ ಕೆಳಗಿದೆ, ಹರಿದು ಹೋಗಲು ದಾರಿಯೇ ಇಲ್ಲ. ಅಪಾಯ ಇರುವುದು ಕೆಳಬದಿಯ ನೆಲಕ್ಕಿಂತ ಮೇಲೆ, ಏರಿಯೊಂದರ ಬಲದಿಂದ ನಿಂತ ನೀರಿಗೆ ಮಾತ್ರ. ಹಾಗಾಗಿ ಕೆರೆ ಎಷ್ಟು ಆಳ ಎಂದು ಕೇಳುವುದಕ್ಕಿಂತ ನೆಲದ ಮೇಲೆ ಎಷ್ಟು ನೀರು ನಿಂತಿದೆ ಎಂದು ಕೇಳಬೇಕು.

ನಮ್ಮ ಹಳೆಯ ವ್ಯವಸ್ಥೆಗಳು ಈ ವಿಷಯದಲ್ಲಿ ಜಾಣತನದವು. ಏತಡ್ಕದಂಥ ಊರುಗಳಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಹಾಕುವ 'ಕಟ್ಟ' ಮಳೆ ನಿಂತ ಮೇಲೆ ಏಳುತ್ತದೆ, ಮುಂದಿನ ಮಳೆಗೆ ಹೋಗುತ್ತದೆ. ದೊಡ್ಡ ನೆರೆಯ ಎದುರು ಅದು ನಿಲ್ಲಬೇಕಾಗಿಯೇ ಇಲ್ಲ. ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟಿನಲ್ಲೂ ಹಲಗೆ ಇಳಿಸುವುದು ಮಳೆ ಮುಗಿದ ಮೇಲೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ನೀರು ಸಂಗ್ರಹವಾಗುವುದಿಲ್ಲ, ಒಸರಿ ಬರುತ್ತದೆ. ಗುಡ್ಡದ ನೀರು ತಡೆದ ಹಳೆಯ ಕೆರೆಗಳಾದ ಮದಕಗಳಲ್ಲಿ ಏರಿ ಉಂಟು. ಆದರೆ ಅವು ನೂರಾರು ಮಳೆಗಾಲ ಕಂಡವು, ಕೋಡಿ ಎಲ್ಲಿ ಹರಿಯುತ್ತದೆಂದು ಊರಿಗೇ ಗೊತ್ತು.

ಹೊಸ ತೋಟದ ಕೆರೆ ಹಾಗಲ್ಲ. ಹಿಟಾಚಿ ತಂದು ಒಂದು ವಾರದಲ್ಲಿ ಮಣ್ಣು ದೂಡಿ ಏರಿ ಎಬ್ಬಿಸುತ್ತಾರೆ. ಅದು ಶಾಶ್ವತ, ಜೂನ್‌ನಲ್ಲೂ ತುಂಬಿಯೇ ಇರುತ್ತದೆ. ಮಣ್ಣನ್ನು ಗೇಣುದ್ದಕ್ಕಿಂತ ದಪ್ಪ ಇಲ್ಲದ ಪದರಗಳಲ್ಲಿ ಹಾಕಿ, ಹದವಾಗಿ ನೀರು ಹೊಡೆದು, ಒಂದೊಂದು ಪದರವನ್ನೂ ರೋಲರಿನಲ್ಲಿ ದಮ್ಮಾಸು ಮಾಡಿದರೆ ಏರಿ ಗಟ್ಟಿ. ಸುಮ್ನೆ ರಾಶಿ ಹಾಕಿ ಮೇಲಿಂದ ಬಕೆಟ್‌ನಲ್ಲಿ ನಾಲ್ಕು ಸಲ ತಟ್ಟಿದರೆ ಅದು ಮಣ್ಣಿನ ಗುಪ್ಪೆ ಅಷ್ಟೇ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಕೋಡಿಯ ಲೆಕ್ಕ

ಮಣ್ಣಿನ ಏರಿಗೆ ದೊಡ್ಡ ಶತ್ರು ಅದರ ತಲೆಯ ಮೇಲೆ ಹರಿಯುವ ನೀರು. ಕಾಂಕ್ರೀಟ್ ಕಟ್ಟೆಯ ಮೇಲೆ ನೀರು ಹರಿದರೆ ತಕ್ಷಣಕ್ಕೆ ಏನೂ ಆಗದಿರಬಹುದು. ಮಣ್ಣಿನ ಏರಿಯ ಮೇಲೆ ಹರಿದರೆ ಹೊರಬದಿಯ ಇಳಿಜಾರು ಕೊರೆಯುತ್ತದೆ. ಸಣ್ಣ ಕಣಿ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ನೀರಿನ ಬಿರುಸು ಹೆಚ್ಚುತ್ತದೆ. ಒಮ್ಮೆ ಶುರುವಾದರೆ ಮನುಷ್ಯರಿಂದ ನಿಲ್ಲಿಸಲು ಆಗದು. ಅದಕ್ಕೇ ಕೋಡಿ.

ಎಷ್ಟಗಲದ ಕೋಡಿ ಬೇಕು? ಇಪ್ಪತ್ತು ಎಕರೆ ಗುಡ್ಡೆಯ ನೀರು ಒಂದು ಕೆರೆಗೆ ಇಳಿಯುತ್ತದೆ ಅನ್ನೋಣ. ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಮಳೆ ಹೊಡೆಯಿತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುವ ಜಿಲ್ಲೆಯಲ್ಲಿ ಇದೇನೂ ಕೇಳರಿಯದ ಮಳೆಯಲ್ಲ. ನೆಲ ಮೊದಲೇ ನೆನೆದಿದ್ದರೆ, ಪಾರೆ (ಬರೀ ಬಂಡೆ) ಜಾಸ್ತಿ ಇದ್ದರೆ, ನೂರಕ್ಕೆ ಎಪ್ಪತ್ತು ಪಾಲು ಹರಿದು ಬರುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 940 ಲೀಟರ್. ನಾಲ್ಕು ಮೀಟರ್ ಅಗಲದ ಕೋಡಿಯಲ್ಲಿ ಒಂದಡಿ ಆಳಕ್ಕೆ ನೀರು ಹರಿದರೆ ಇಷ್ಟು ದಾಟಿಹೋಗುತ್ತದೆ. ಆದರೆ ಎಷ್ಟೋ ಕೆರೆಗಳಲ್ಲಿ ಕೋಡಿ ಅಂದರೆ ಆರಿಂಚಿನ ಒಂದು ಪಿವಿಸಿ ಪೈಪು. ಅದರಲ್ಲಿ ಹೋಗುವುದು ಹೆಚ್ಚೆಂದರೆ ಸೆಕೆಂಡಿಗೆ 50 ಲೀಟರ್. ಉಳಿದ ನೀರು ಕೆರೆಯಲ್ಲಿ ಏರುತ್ತದೆ, ಆಮೇಲೆ ಏರಿ ಹತ್ತುತ್ತದೆ.

ಕೋಡಿ ಅಗಲವಿದ್ದರೂ ಬಾಯಿ ತೆರೆದಿರಬೇಕಲ್ಲ. ಮೀನು ತಪ್ಪಿಸಿಕೊಳ್ಳಬಾರದೆಂದು ಬಲೆ ಕಟ್ಟುತ್ತಾರೆ. ಗಾಳಿಮಳೆಗೆ ಉದುರಿದ ಅಡಿಕೆ ಹಾಳೆ ತೇಲಿ ಬಂದು ಆ ಬಲೆಗೆ ಒರಗುತ್ತದೆ. ಎರಡು ಹಾಳೆ ಅಡ್ಡ ನಿಂತರೆ ಸಾಕು, ಅವಕ್ಕೆ ಸೋಗೆ, ಕಸ, ಎಲೆ ಅಂಟುತ್ತಾ ಕೋಡಿ ಅರ್ಧಕ್ಕರ್ಧ ಮುಚ್ಚುತ್ತದೆ. ಇದು ನಡೆಯುವುದು ರಾತ್ರಿ ಎರಡು ಗಂಟೆಗೆ, ಯಾರೂ ಕೆರೆ ನೋಡಲು ಹೋಗದ ಹೊತ್ತಿನಲ್ಲಿ. ಅಮೆರಿಕದ ಜಾನ್ಸ್‌ಟೌನ್ ಪಟ್ಟಣವನ್ನು 1889ರ ಮೇ 31ರಂದು ಕೊಚ್ಚಿದ ಅಣೆಕಟ್ಟು ಖಾಸಗಿ ಮೀನುಗಾರಿಕಾ ಕ್ಲಬ್ಬಿನದ್ದು. ಏರಿಯ ಮೇಲ್ತುದಿಯನ್ನು ತಗ್ಗಿಸಿದ್ದರು, ನೀರು ಬಿಡುವ ತೂಬಿನ ಪೈಪುಗಳು ಇರಲಿಲ್ಲ, ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ಸತ್ತವರು 2,209 ಜನ. ಅದು ನಮ್ಮ ಕೆರೆಗಳಿಗಿಂತ ಎಷ್ಟೋ ಪಟ್ಟು ದೊಡ್ಡದು, ಒಪ್ಪೋಣ. ಜಾಲರಿಯ ತಪ್ಪು ಮಾತ್ರ ಎರಡು ಕಡೆಯೂ ಒಂದೇ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಹವಾಯಿಯ ಕಾಲೊಕೊ. ಕಬ್ಬಿನ ಕಾಲದ ಹಳೆಯ ಮಣ್ಣಿನ ನೀರಾವರಿ ಕಟ್ಟೆ, ಖಾಸಗಿ ಜಾಗದಲ್ಲಿತ್ತು. 2006ರ ಮಾರ್ಚ್ 14ರಂದು ವಾರಗಟ್ಟಲೆ ಮಳೆಯ ಬಳಿಕ ಒಡೆದು ಏಳು ಜನ ಸತ್ತರು. ಕೋಡಿಯನ್ನು ಮಣ್ಣು ಹಾಕಿ ಮುಚ್ಚಿಸಿದ್ದರು ಎಂಬುದೇ ಮುಖ್ಯ ಆರೋಪವಾಯಿತು. ಮಾಲೀಕರಿಗೆ ಜೈಲು ಶಿಕ್ಷೆಯೂ ಆಯಿತು.

ಕೋಡಿ ಮುಚ್ಚುವವರನ್ನು, ಎತ್ತರಿಸುವವರನ್ನು ಬರೀ ಮೂರ್ಖರೆಂದು ಬೈದರೆ ಪ್ರಯೋಜನವಿಲ್ಲ. ಅವರಿಗೂ ಒಂದು ಲೆಕ್ಕ ಇದೆ. ಅರ್ಧ ಹೆಕ್ಟೇರ್ ಕೆರೆಯ ಕೋಡಿಯನ್ನು ಎರಡಡಿ ಎತ್ತರಿಸಿದರೆ 30 ಲಕ್ಷ ಲೀಟರ್ ನೀರು ಜಾಸ್ತಿ ಸಿಗುತ್ತದೆ. ಡ್ರಿಪ್ಪಿನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೂ ಸಾವಿರ ಮರಕ್ಕೆ 150 ದಿನದ ನೀರು, ಜನವರಿಯಿಂದ ಮೇವರೆಗೆ. ಆವಿಯಾಗಿ, ಇಂಗಿ ಹೋಗುವುದನ್ನು ಕಳೆದರೂ ಒಂದು ಬೇಸಿಗೆ ದಾಟಿಸುವ ನೀರು. ಅದೂ ನಾಲ್ಕು ಮೂಟೆ ಸಿಮೆಂಟಿನ ಖರ್ಚಿನಲ್ಲಿ! ಆದರೆ ಏರಿ ಎತ್ತರಿಸದೆ ಕೋಡಿ ಮಾತ್ರ ಎತ್ತರಿಸಿದಾಗ, ನೆರೆ ಬಂದರೆ ನೀರು ಏರಲು ಬಿಟ್ಟ ಖಾಲಿ ಜಾಗವನ್ನೇ ತಿಂದ ಹಾಗಾಗುತ್ತದೆ.

ಒಳಗಿನಿಂದ ಕೊರೆಯುವ ನೀರು

ಎರಡನೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಮಣ್ಣಿನ ಏರಿಯೂ ಸ್ವಲ್ಪ ಒಸರುತ್ತದೆ, ಅದು ದೋಷವಲ್ಲ. ಒಸರುವ ನೀರು ಮಣ್ಣಿನ ಕಣಗಳನ್ನು ಹೊತ್ತು ತರಲು ಶುರುಮಾಡಿದರೆ ಕೆಲಸ ಕೆಟ್ಟಿತು. ಹೊರಬದಿಯಿಂದ ಒಳಕ್ಕೆ ಕೊಳವೆಯಂತೆ ಬಿಲ ಬೆಳೆಯುತ್ತದೆ. ಅದು ಕೆರೆಯ ನೀರನ್ನು ಮುಟ್ಟಿದ ದಿನ ಏರಿ ಕುಸಿಯುತ್ತದೆ.

ಕಾಸರಗೋಡಿನ ನೆಲಕ್ಕೆ ಈ ಕಾಯಿಲೆ ಬೇಗ ತಗಲುತ್ತದೆ. ಮೇಲೆ ಗಟ್ಟಿ ಮುರಕಲ್ಲು, ಅದರಡಿಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗಟ್ಟಿಯಾಗಿಯೇ ಇರುತ್ತದೆ, ನೀರು ಕುಡಿದರೆ ಹಿಟ್ಟಿನಂತೆ ಕರಗಿ ಹೋಗುತ್ತದೆ. ಗುಡ್ಡದೊಳಗೆ ನೀರು ಮಣ್ಣು ಕೊರೆದು ಪೊಟರೆ ಮಾಡುವುದನ್ನು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಉತ್ತರ ಕೇರಳದಲ್ಲೂ ದಾಖಲಿಸಿದ್ದಾರೆ. ಮುರಕಲ್ಲು ಕಡಿದು ಶೇಡಿ ಹೊರಬಿದ್ದ ಹಳೆಯ ಕೋರೆಯನ್ನೇ ಕೆರೆ ಮಾಡಿಕೊಳ್ಳುವವರು, ತೋಡುವಾಗ ಸಿಕ್ಕ ಶೇಡಿಯನ್ನೇ ಏರಿಗೆ ಹಾಕುವವರು ಇದನ್ನು ತಿಳಿದಿರಬೇಕು. ಇದರ ಜೊತೆಗೆ ಮರೆತುಹೋದ ಸುರಂಗಗಳಿವೆ. ಅಜ್ಜನ ಕಾಲದ ಸುರಂಗದ ಬಾಯಿ ಮುಚ್ಚಿದ್ದರೂ ಒಳಗಿನ ಟೊಳ್ಳು ಹಾಗೇ ಇರುತ್ತದೆ. ಅದರ ಮೇಲೆ ಕೆರೆ ಮಾಡಿದರೆ ನೀರಿಗೆ ದಾರಿ ತಯಾರಾಗಿಯೇ ಇರುತ್ತದೆ.

ತೂಬಿನ ಪೈಪು ಏರಿಯನ್ನು ದಾಟುವ ಜಾಗ ಇನ್ನೊಂದು ಬಲಹೀನ ಬಿಂದು. ನುಣುಪಾದ ಪಿವಿಸಿಗೆ ಮಣ್ಣು ಕಚ್ಚಿ ಕೂರುವುದಿಲ್ಲ, ಪೈಪಿನ ಹೊರಮೈ ಗುಂಟ ನೀರು ಜಾರಿ ಬರುತ್ತದೆ. ಸತ್ತ ಮರದ ಬೇರು, ಗೆದ್ದಲು, ಹೆಗ್ಗಣ, ಏಡಿ ಕೂಡ ಇದೇ ಕೆಲಸ ಮಾಡುತ್ತವೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನ ಸತ್ತಾಗ, ಅಲ್ಲಿನ ಸಚಿವರು ಏಡಿಗಳ ಮೇಲೆ ತಪ್ಪು ಹೊರಿಸಿದ್ದರು. ದೇಶವೇ ನಕ್ಕಿತು. ಏಡಿ ಬಿಲ ತೋಡುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಅದನ್ನು ಕೇಳಿಸಿಕೊಳ್ಳದ್ದು ಏಡಿಯ ತಪ್ಪಲ್ಲವಲ್ಲ!

ಪರೀಕ್ಷೆಗೆ ಎಂಜಿನಿಯರೇ ಬೇಕೆಂದಿಲ್ಲ. ಏರಿಯ ಹೊರಬುಡದಲ್ಲಿ ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಇಡಿ. ತಳದಲ್ಲಿ ಕೆಸರು ಕೂತರೆ, ಅಥವಾ ಹೊರಗೆ ಮಳೆ ಇಲ್ಲದಿದ್ದರೂ ಒಸರು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಆ ದಿನವೇ ಪಂಪು ಹಾಕಿ ನೀರು ಇಳಿಸಲು ತೊಡಗಬೇಕು. ಹೊರಬದಿಯಿಂದ ಸಿಮೆಂಟು ಮೆತ್ತಿ ಒಸರು ನಿಲ್ಲಿಸುವವರಿದ್ದಾರೆ. ಅದು ತೀರಾ ತಪ್ಪು. ನೀರು ಒಳಗೇ ಸೇರಿ ಏರಿಯನ್ನು ಇನ್ನಷ್ಟು ನೆನೆಸುತ್ತದೆ. ಪ್ಲಾಸ್ಟಿಕ್ ಹಾಸಿದ ಕೆರೆಯಲ್ಲಿ ಒಸರುವುದೇ ಇಲ್ಲ ಎಂಬ ಧೈರ್ಯವೂ ಬೇಡ. ಶೀಟು ಎಲ್ಲೋ ಹರಿದರೆ ನೀರು ಅದರಡಿಯಲ್ಲಿ ಎತ್ತ ಹೋಗುತ್ತಿದೆ ಎಂದು ಮೇಲಿಂದ ಗೊತ್ತಾಗುವುದಿಲ್ಲ.

ಕೃಷಿಕರ ವಾದ, ಕೆಳಗಿನವರ ವಾದ

ಕೃಷಿಕರು ಹೇಳುವುದರಲ್ಲಿ ತೂಕವಿದೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಸಿಗುವ ಕಾಲ ಮುಗಿಯಿತು. ಮಳೆನೀರು ಹಿಡಿದಿಡಿ ಎಂದು ಸರ್ಕಾರವೇ ಹೇಳುತ್ತದೆ. ಗುಡ್ಡೆಯ ಕೆರೆಯಿಂದ ಕೆಳಗಿನ ಬಾವಿಗಳಲ್ಲೂ ನೀರು ನಿಲ್ಲುತ್ತದೆ, ಆ ಲಾಭ ಕೆಳಗಿನವರಿಗೂ ಇದೆ. ಒಂದೊಂದು ಏರಿಗೂ ನಕ್ಷೆ, ಅನುಮತಿ, ತಪಾಸಣೆ ಎಂದು ಕೂತರೆ ಕಚೇರಿ ಅಲೆದಾಟವೇ ಆಗುತ್ತದೆ, ಕೆರೆ ಆಗುವುದಿಲ್ಲ.

ಕೆಳಗಿನವರ ಮಾತೂ ಸರಿಯೇ. ಲಾಭ ಮಾಲೀಕರದ್ದು, ಒಡೆದರೆ ನಷ್ಟ ನಮ್ಮದು ಎನ್ನುತ್ತಾರೆ. ಕೆನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ತೋಟವೊಂದರ ಕಟ್ಟೆ ಒಡೆದು 47ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಕೆಳಗಿನ ಬಡವರು.

ನನಗನಿಸುವುದು, 2021ರ ಕಾಯ್ದೆಯನ್ನು ಇಷ್ಟು ಕೆಳಕ್ಕೆ ಎಳೆಯುವುದು ಬೇಡ. ಆರು ಸಾವಿರ ದೊಡ್ಡ ಅಣೆಕಟ್ಟುಗಳನ್ನು ನೋಡಿಕೊಳ್ಳಲು ಹುಟ್ಟಿದ ವ್ಯವಸ್ಥೆ ಬದಿಯಡ್ಕದ ಕೆರೆ ನೋಡಲು ಬರುವುದಿಲ್ಲ, ಬಂದರೆ ಕಾಗದ ಕೇಳಿ ಹೋಗುತ್ತದೆ. ಬೇಕಿರುವುದು ಪಂಚಾಯತ್ ಮಟ್ಟದ ಒಂದು ಪುಸ್ತಕ. ನೆಲದ ಮೇಲೆ ಎರಡು ಮೀಟರ್‌ಗಿಂತ ಹೆಚ್ಚು ನೀರು ನಿಲ್ಲಿಸುವ, ಕೆಳಗೆ ಮನೆಯೋ ಶಾಲೆಯೋ ರಸ್ತೆಯೋ ಇರುವ ಕೆರೆಗಳ ಹೆಸರು ಅದರಲ್ಲಿದ್ದರೆ ಸಾಕು. ಉಳಿದವರನ್ನು ಅವರ ಪಾಡಿಗೆ ಬಿಡಬಹುದು. ಮೇ ತಿಂಗಳಲ್ಲಿ ಎಂಜಿನಿಯರೊಬ್ಬರು ಆ ಪಟ್ಟಿ ಹಿಡಿದು ಕೋಡಿ ನೋಡಿ ಬಂದರೆ ದೊಡ್ಡ ಖರ್ಚೇನೂ ಆಗದು.

ಒಡೆದರೆ ಹೊಣೆ ಯಾರದು

"ಹಿಟಾಚಿಯವರು ಮಾಡಿದ್ದು, ನನಗೇನು ಗೊತ್ತು" ಎಂಬ ಮಾತು ಕೋರ್ಟಿನಲ್ಲಿ ನಡೆಯುವುದು ಕಷ್ಟ. ಮಾಲೀಕರೇ ಹೊಣೆ ಎಂಬ ತತ್ವದ ಮೂಲ ಇರುವುದು ಇಂಗ್ಲೆಂಡಿನ ಒಂದು ಖಾಸಗಿ ಕೆರೆಯಲ್ಲಿ. ಮಿಲ್ ಮಾಲೀಕರಾದ ರೈಲ್ಯಾಂಡ್ಸ್ ಕಂಟ್ರಾಕ್ಟರಿಗೆ ಹೇಳಿ ಕೆರೆ ಮಾಡಿಸಿದರು. ಅಡಿಯಲ್ಲಿ ಹಳೆಯ ಗಣಿಯ ಟೊಳ್ಳುಗಳಿದ್ದವು, ಕಂಟ್ರಾಕ್ಟರ್ ಅವನ್ನು ಸರಿಯಾಗಿ ಮುಚ್ಚಲಿಲ್ಲ. 1860ರಲ್ಲಿ ನೀರು ತುಂಬಿದಾಗ ಅದು ಪಕ್ಕದ ಫ್ಲೆಚರ್ ಅವರ ಗಣಿಗೆ ನುಗ್ಗಿತು. ಮಾಲೀಕರ ನೇರ ತಪ್ಪು ಇಲ್ಲದಿದ್ದರೂ ನಷ್ಟ ಅವರೇ ತುಂಬಬೇಕೆಂದು 1868ರಲ್ಲಿ ತೀರ್ಪಾಯಿತು. ಗಣಿಯ ಜಾಗದಲ್ಲಿ ಸುರಂಗ ಎಂದು ಓದಿಕೊಂಡರೆ ಇದು ನಮ್ಮೂರಿನದ್ದೇ ಕೇಸು. ಭಾರತದ ಕೋರ್ಟುಗಳೂ ಈ ತತ್ವವನ್ನು ಬಳಸುತ್ತಾ ಬಂದಿವೆ.

ಇದಕ್ಕೆ ಎದುರಾದ ತೀರ್ಪೊಂದು ಆಂಧ್ರದ ಗಡಿಯಿಂದ ಬಂದಿದೆ. ಈಗಿನ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲ್ವೆ ಸೇತುವೆಗಳು ಹೋದವು. 1874ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಜಮೀನ್ದಾರರನ್ನು ಬಿಟ್ಟಿತು. ಆ ಕೆರೆಗಳು ತಲೆತಲಾಂತರದಿಂದ ಊರಿನ ಬದುಕಿಗಾಗಿ ಇದ್ದವು, ಉಳಿಸಿಕೊಂಡು ಬರುವುದು ಅವರ ಕರ್ತವ್ಯವಾಗಿತ್ತು, ನಿರ್ಲಕ್ಷ್ಯವಿರಲಿಲ್ಲ ಎಂಬ ಕಾರಣಕ್ಕೆ. ಊರಿನ ಹಳೆಯ ಮದಕಕ್ಕೆ ಈ ರಕ್ಷಣೆ ಸಿಗಬಹುದು. ಸ್ವಂತ ತೋಟಕ್ಕೆಂದು ಮೊನ್ನೆ ಮಾಡಿಸಿದ ಕೆರೆಗೆ ಸಿಗುವುದು ಅನುಮಾನ.

ಗಡಿಯಲ್ಲಿ ಇನ್ನೊಂದು ತೊಡಕಿದೆ. ಪಯಸ್ವಿನಿ ಹೊಳೆ ಕೊಡಗಿನಲ್ಲಿ ಹುಟ್ಟಿ ಸುಳ್ಯ ದಾಟಿ ಇಲ್ಲಿಗೆ ಬರುತ್ತದೆ. ಎಷ್ಟೋ ಸಣ್ಣ ತೋಡುಗಳೂ ಹಾಗೆಯೇ, ಕೆರೆ ಕರ್ನಾಟಕದಲ್ಲಿ, ಕೆಳಗಿನ ಮನೆ ಕೇರಳದಲ್ಲಿ. ದೂರು ಕೊಡುವುದು ಒಂದು ಜಿಲ್ಲಾಧಿಕಾರಿಗೆ, ಕ್ರಮ ಕೈಗೊಳ್ಳಬೇಕಾದವರು ಇನ್ನೊಬ್ಬರು. ಎಚ್ಚರಿಕೆ ಬಂದರೂ ಮಲಯಾಳದಲ್ಲಿ ಬರುತ್ತದೆ, ಮನೆಯ ಹಿರಿಯರಿಗೆ ಓದಲು ಮೊಮ್ಮಕ್ಕಳು ಬೇಕು.

ಹಲಗೆ ಹಾಕುವ ಕೋಡಿ

ಕೃಷಿಕರ 30 ಲಕ್ಷ ಲೀಟರನ್ನೂ ಕೆಳಗಿನವರ ನಿದ್ದೆಯನ್ನೂ ಒಟ್ಟಿಗೆ ಉಳಿಸುವ ದಾರಿ ಕಿಂಡಿ ಅಣೆಕಟ್ಟಿನಲ್ಲೇ ಇದೆ. ಕೋಡಿಯನ್ನು ತಗ್ಗಿನಲ್ಲಿ, ಅಗಲವಾಗಿ, ಏರಿಯಿಂದ ಸರಿದು ಗಟ್ಟಿ ನೆಲದ ಮೇಲೆ ಮಾಡಬೇಕು. ಅದಕ್ಕೆ ಹಲಗೆ ಇಳಿಸುವ ಸಂದು ಕೊಡಬೇಕು. ಮೇ ಮೊದಲ ವಾರದಲ್ಲೇ ಹಲಗೆ ತೆಗೆದರೆ ಮಳೆಗಾಲಪೂರ್ತಿ ಕೆರೆ ಎರಡಡಿ ತಗ್ಗಿನಲ್ಲೇ ಇರುತ್ತದೆ, ನೆರೆಗೆ ಜಾಗ ಇರುತ್ತದೆ. ಈಗ ಮುಂಗಾರು ಜೂನ್ 1ಕ್ಕೇ ಕಾಯುವುದಿಲ್ಲ. 2025ರಲ್ಲಿ ಮೇ 24ಕ್ಕೇ ಬಂದಿತ್ತು.

ತೊಂದರೆ ಇರುವುದು ಹಲಗೆ ತೆಗೆಯುವ ಕೈಯಲ್ಲಿ. ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ ತೋಟ ನೋಡಿಕೊಳ್ಳುವವರಿಗೆ ಈ ಕೆಲಸವನ್ನು ಬಾಯಿಬಿಟ್ಟು ಹೇಳಿರಬೇಕು. ಕೆಳಗಿನ ಮನೆಯವರಿಗೂ ಒಂದು ಫೋನ್ ನಂಬರ್ ಕೊಟ್ಟಿರಬೇಕು.

ಮತ್ತೆ ಹಲಗೆ ಹಾಕಲು ಆತುರ ಬೇಡ. ಮುಂಗಾರು ನಿಂತಿತೆಂದು ಅಕ್ಟೋಬರ್ ಮೊದಲಲ್ಲೇ ಹಾಕಿದರೆ ತುಲಾಮಳೆಯ (ಹಿಂಗಾರಿನ) ಒಂದು ಸಂಜೆಯ ಗುಡುಗುಮಳೆ ಸಾಕು. ಆಗಿನ ಕಡಪ ಜಿಲ್ಲೆಯಲ್ಲಿ ಅನ್ನಮಯ್ಯ ಅಣೆಕಟ್ಟು ಕೊಚ್ಚಿಹೋದದ್ದು 2021ರ ನವೆಂಬರ್ 19ರಂದು, ಹಿಂಗಾರಿನಲ್ಲಿ. ಮೇಲೆ ಪಿಂಚ ಎಂಬ ಚಿಕ್ಕ ಅಣೆಕಟ್ಟು ಮೊದಲು ಒಡೆದಿತ್ತು, ಆ ನೀರೂ ಸೇರಿ ಕೆಳಗಿನದ್ದರ ಮಣ್ಣಿನ ಏರಿಯ ಮೇಲೆ ಹರಿಯಿತು. ಒಂದೇ ತೋಡಿನಲ್ಲಿ ಮೇಲೊಂದು ಕೆಳಗೊಂದು ಕೆರೆ ಇರುವ ಕಡೆ ಇದನ್ನು ನೆನಪಿಡಬೇಕು. ಅಲ್ಲಿ ಅಕ್ಟೋಬರ್ ಕೊನೆಗೆ ಅರ್ಧ ಹಲಗೆ ಹಾಕಿ, ಉಳಿದರ್ಧವನ್ನು ನವೆಂಬರ್ ಕಳೆದ ಮೇಲೆ ಹಾಕುವುದು ಒಳ್ಳೆಯದು. ಮೇಲಿನ ಕೆರೆಯವರು ಹಾಕಿದರಾ ಇಲ್ಲವಾ ಎಂದು ಕೇಳಿಕೊಂಡೇ ಹಾಕಬೇಕು.